ಯುದ್ಧಕ್ಕೆ ಹೋದ ಮುತ್ತಜ್ಜನ ಹುಡುಕಾಟದಲ್ಲಿ...

ನಮ್ಮಜ್ಜಿಗೆ ಈಗ 86 ವರ್ಷ. ಅವಳ ಅಪ್ಪ ಮೈಸೂರು ಸಂಸ್ಥಾನದ ಪಡೆಯಲ್ಲಿ ಸಿಪಾಯಿ. ಎರಡನೇ ಮಹಾಯುದ್ಧದ ಹೊತ್ತಿಗೆ ಸಿಂಗಪುರಕ್ಕೆ ಹೋದವರು ವಾಪಸ್ ಬರಲಿಲ್ಲ. ಆಗ ಅಜ್ಜಿಗೆ ಎರಡು ವರ್ಷ. ಇಂಗ್ಲಿಷಿನಲ್ಲಿದ್ದ ಒಂದು ಕಾಗದ ಬಂದಿತ್ತಂತೆ. ಓದಿದವರು ‘ನಾಪತ್ತೆ ಅಂತ ಬರೆದಿದೆ’ ಅಂದರಂತೆ. ಆ ಕಾಗದವೂ ಈಗ ಇಲ್ಲ.

ನಮ್ಮ ಮನೆಯಲ್ಲಿ ಕಥೆ ಇಷ್ಟೇ. ಆದರೆ ಊರಿನಲ್ಲಿ ಅಷ್ಟಕ್ಕೇ ನಿಲ್ಲಲಿಲ್ಲ. ಬೋಸರ ಸೈನ್ಯ ಸೇರಿದ ಅಂದವರು ಕೆಲವರು. ಅಲ್ಲೇ ಇನ್ನೊಂದು ಸಂಸಾರ ಮಾಡ್ಕೊಂಡು ಸುಖವಾಗಿದ್ದಾನೆ ಅಂದವರು ಜಾಸ್ತಿ. ಅಜ್ಜಿಯ ಅವ್ವ ಈ ಮಾತನ್ನು ಕೇಳಿಕೊಂಡೇ ಬದುಕಿದರು. ಮಗಳನ್ನು ಎತ್ತಿಕೊಂಡು ತವರಿಗೆ ಬಂದು, ಕೂಲಿ ಮಾಡಿ ಸಾಕಿದರು. ಕೊನೆಯವರೆಗೂ ಕುಂಕುಮ ಇಟ್ಟರು. ಮಹಾಲಯ ಅಮಾವಾಸ್ಯೆ ಬಂದಾಗ ಮನೆಯವರು ಹಿರಿಯರಿಗೆ ಎಡೆ ಇಡುತ್ತಿದ್ದರು. ಗಂಡನ ಹೆಸರಲ್ಲೂ ಇಡು ಅಂತ ಯಾರಾದರೂ ಅಂದರೆ ‘ಬದುಕಿರೋರಿಗೆ ಯಾರಾದ್ರೂ ಎಡೆ ಇಡ್ತಾರಾ?’ ಅನ್ನುತ್ತಿದ್ದರಂತೆ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ದಿನವಿಡೀ ಡೇಟಾಬೇಸ್ ಜೊತೆಗೇ ಕೆಲಸ. ಹೋದ ವರ್ಷ ಅಜ್ಜಿ ಆಸ್ಪತ್ರೆ ಸೇರಿ ಮನೆಗೆ ಬಂದ ಮೇಲೆ ಒಂದು ದಿನ ಕೇಳಿದಳು: ‘ಎಲ್ಲಾನೂ ಫೋನಲ್ಲೇ ಹುಡುಕ್ತೀಯಲ್ಲ, ನಮ್ಮಪ್ಪ ಎಲ್ಲೋದ ಅಂತ ಅದರಲ್ಲಿ ಬರಲ್ವಾ ಮಗಾ?’ ನಗುವ ಪ್ರಶ್ನೆ ಅದಾಗಿರಲಿಲ್ಲ.

ಹುಡುಕಲು ಕೂತಾಗ ನನಗೆ ಮೊದಲು ಅರ್ಥವಾಗಿದ್ದು, ಇಂಥ ಮನೆ ನಮ್ಮದೊಂದೇ ಅಲ್ಲ ಅನ್ನುವುದು. ಮೊದಲ ಮಹಾಯುದ್ಧದಲ್ಲಿ 13 ಲಕ್ಷಕ್ಕೂ ಹೆಚ್ಚು ಭಾರತೀಯರು ಕೆಲಸ ಮಾಡಿದ್ದಾರೆ. ಎರಡನೆಯದರಲ್ಲಿ ಸುಮಾರು 25 ಲಕ್ಷ ಜನ, ತೀರಿಕೊಂಡವರು ಸುಮಾರು 87,000. ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಹೈಫಾ ಪಟ್ಟಣ ಗೆದ್ದ ಕಥೆ ನಮಗೆ ಗೊತ್ತು. ದೆಹಲಿಯ ತೀನ್ ಮೂರ್ತಿಯಲ್ಲಿ ಅದರ ಪ್ರತಿಮೆಗಳೂ ಇವೆ. ಆದರೆ ಮೈಸೂರು ಇನ್‌ಫೆಂಟ್ರಿ, ಅಂದರೆ ಕಾಲಾಳುಗಳು, ಸಿಂಗಪುರದಲ್ಲಿ ಸಿಕ್ಕಿಬಿದ್ದ ಕಥೆಯನ್ನು ನಾನಂತೂ ಶಾಲೆಯಲ್ಲಿ ಓದಿರಲಿಲ್ಲ. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನಿಗೆ ಶರಣಾಯಿತು. ಎರಡು ದಿನ ಬಿಟ್ಟು ಫ್ಯಾರರ್ ಪಾರ್ಕ್ ಮೈದಾನದಲ್ಲಿ ಸುಮಾರು 40,000 ಭಾರತೀಯ ಸೈನಿಕರನ್ನು ಸೇರಿಸಿ ಜಪಾನೀಯರ ಕೈಗೆ ಒಪ್ಪಿಸಿದರು. ಎಷ್ಟೋ ಜನ ಐಎನ್‌ಎ ಸೇರಿದರು. ಸೇರದವರಲ್ಲಿ ಸಾವಿರಾರು ಜನರನ್ನು ನ್ಯೂ ಗಿನಿಯಂಥ ದ್ವೀಪಗಳಿಗೆ ಕೂಲಿಗೆ ಸಾಗಿಸಿದರು. ಹಸಿವು, ಕಾಯಿಲೆ, ಹೊಡೆತಕ್ಕೆ ಬಹಳ ಮಂದಿ ಸತ್ತರು.

ಹೆಸರಲ್ಲೇ ಇದ್ದ ಕಷ್ಟ

ಯುದ್ಧದಲ್ಲಿ ತೀರಿಕೊಂಡವರನ್ನು ಹುಡುಕಲು ಒಳ್ಳೆಯ ಜಾಗ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟ್. 1917ರಲ್ಲಿ ಶುರುವಾದ ಸಂಸ್ಥೆ ಇದು. ಎರಡೂ ಯುದ್ಧಗಳಲ್ಲಿ ಮಡಿದ ಸುಮಾರು 17 ಲಕ್ಷ ಜನರ ದಾಖಲೆ ಅಲ್ಲಿದೆ. ದುಡ್ಡು ಕೊಡಬೇಕಾಗಿಲ್ಲ.

ಹೆಸರು ಹಾಕಿದೆ. ಏನೂ ಬರಲಿಲ್ಲ.

ಕಾರಣ ಇಷ್ಟೇ: ನಮ್ಮ ಹೆಸರುಗಳನ್ನು ಅವತ್ತಿನ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದಾರೆ. ಲಕ್ಷ್ಮಯ್ಯ ಅನ್ನೋ ಹೆಸರನ್ನೇ ತಗೊಳ್ಳಿ. ನಡುವಿನ ‘ಕ್ಷ’ವನ್ನು ಕೆ-ಎಸ್-ಎಚ್ ಅಂತ ಬರೆಯಬಹುದು, ಬರೀ ಎಕ್ಸ್ ಹಾಕಬಹುದು, ತಮಿಳರ ರೀತಿ ‘ಲಚ್ಮ’ ಮಾಡಬಹುದು. ಕೊನೆಯ ‘ಅಯ್ಯ’ಕ್ಕೆ ಇನ್ನೂ ನಾಲ್ಕೈದು ದಾರಿ. ನಮ್ಮ ಕಡೆ ಸರ್‌ನೇಮ್ ಬೇರೆ ಇಲ್ಲ. ನಾನು ಒಂದು ಚಿಕ್ಕ ಪೈಥಾನ್ ಪ್ರೋಗ್ರಾಂ ಬರೆದು, ಸಾಧ್ಯವಿರುವ ಸ್ಪೆಲಿಂಗ್‌ಗಳನ್ನೆಲ್ಲ ಪಟ್ಟಿ ಮಾಡಿ, ಒಂದೊಂದಾಗಿ ಹಾಕಿ ನೋಡಿದೆ. ಅದೇ ಹೆಸರಿನವರು ಸಿಕ್ಕರು, ಆದರೆ ಯಾರೂ ನಮ್ಮವರಲ್ಲ.

ಆಮೇಲೆ ಗಮನಿಸಿದ್ದು, ಎಷ್ಟೋ ಭಾರತೀಯ ಸೈನಿಕರ ದಾಖಲೆಯಲ್ಲಿ ಹೆಸರು, ಸಂಖ್ಯೆ, ಪಡೆಯ ಜೊತೆಗೆ ‘ಇಂಥವರ ಮಗ, ಇಂಥವಳ ಗಂಡ, ಇಂಥ ಊರು’ ಅಂತಲೂ ಒಂದು ಸಾಲು ಇರುತ್ತದೆ. ಹಾಗಾದರೆ ಊರಿನ ಹೆಸರಲ್ಲೇ ಹುಡುಕಬಹುದಲ್ಲ! ಅಜ್ಜಿ ಬೆಳೆದ ಊರಿನ ಹೆಸರು ಹಾಕಿದೆ. ಆಗಲೂ ಸೊನ್ನೆ.

ಒಂದು ಕಚೇರಿಗೂ ಹೋಗಿ ಬಂದೆ. ‘ನಂಬರ್ ಇಲ್ದೆ ಏನೂ ಆಗಲ್ಲ ಸಾರ್’ ಅಂದು ಕಳಿಸಿದರು. ಆ ಭಾನುವಾರ ಊರಿಗೆ ಹೋದಾಗ, ಬೇಜಾರಲ್ಲೇ ಅಜ್ಜಿಗೆ ವಿಷಯ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು.

‘ಅದು ಅವ್ವನ ತವರಲ್ವಾ? ಅಪ್ಪನೂರು ಬೇರೆ ಕಣೋ’ ಅಂದಳು.

ಎರಡು ತಿಂಗಳು ಹುಡುಕಿದ್ದೆ. ಈ ಒಂದು ಪ್ರಶ್ನೆಯನ್ನು ಅಜ್ಜಿಗೆ ಕೇಳಿರಲೇ ಇಲ್ಲ. ಅಲ್ಲೇ ಜಗುಲಿ ಮೇಲೆ ಕೂತು ಅವಳು ಹೇಳಿದ ಊರಿನ ಹೆಸರು ಹಾಕಿದೆ. ಒಂದೇ ಒಂದು ದಾಖಲೆ ಬಂತು. ಮುತ್ತಜ್ಜನ ಹೆಸರಲ್ಲಿ ಎರಡು ಅಕ್ಷರ ತಪ್ಪಿತ್ತು. ಪಡೆ: ಮೈಸೂರು ಇನ್‌ಫೆಂಟ್ರಿ. ತೀರಿಕೊಂಡಿದ್ದು 1943ರಲ್ಲಿ. ಕೆಳಗೆ ಅವರ ತಂದೆಯ ಹೆಸರು. ಅದರ ಪಕ್ಕದಲ್ಲಿ, ಇಂಥವಳ ಗಂಡ ಅಂತ, ಅಜ್ಜಿಯ ಅವ್ವನ ಹೆಸರು.

ಓದಿ ಹೇಳಿದೆ. ಅಜ್ಜಿ ಅಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವ್ವನ ಹೆಸರು ಇನ್ನೊಂದ್ ಸಲ ಓದು’ ಅಂದಳು. ಓದಿದೆ. ‘ಅಂದ್ರೆ ಅಲ್ಲಿ ಬೇರೆ ಯಾರೂ ಇರ್ಲಿಲ್ಲ. ಅವ್ವನ ಹೆಸ್ರೇ ಬರೆಸಿದ್ರು’ ಅಂದಳು. ಊರವರ ಮಾತು ಇಷ್ಟು ವರ್ಷ ಅವಳನ್ನೂ ಕೊರೆಯುತ್ತಿತ್ತು ಅನ್ನೋದು ನನಗೆ ಗೊತ್ತಾಗಿದ್ದು ಆಗಲೇ.

ಕ್ರಾಂಜಿಯ ಕಂಬ

ಗೋರಿ ಇಲ್ಲದ ಸೈನಿಕರ ಹೆಸರುಗಳನ್ನು ಸ್ಮಾರಕಗಳ ಮೇಲೆ ಕೆತ್ತಿಸಿದ್ದಾರೆ. ಮ್ಯಾನ್ಮಾರಿನ ಟೌಕ್ಯಾನ್‌ನಲ್ಲಿರುವ ರಂಗೂನ್ ಸ್ಮಾರಕದಲ್ಲಿ ಸುಮಾರು 27,000 ಹೆಸರುಗಳಿವೆ. ಸಿಂಗಪುರದ ಕ್ರಾಂಜಿಯಲ್ಲಿ 24,000ಕ್ಕೂ ಹೆಚ್ಚು. ನಮ್ಮ ಮುತ್ತಜ್ಜನ ಹೆಸರು ಇರುವುದು ಕ್ರಾಂಜಿಯಲ್ಲಿ. ಎಷ್ಟನೇ ಕಂಬ ಅನ್ನುವುದೂ ದಾಖಲೆಯಲ್ಲೇ ಇತ್ತು.

ಕಾಲೇಜಿನ ಗೆಳೆಯನೊಬ್ಬ ಸಿಂಗಪುರದಲ್ಲಿ ಕೆಲಸದಲ್ಲಿದ್ದಾನೆ. ಮೆಸೇಜ್ ಹಾಕಿದೆ. ಮುಂದಿನ ಭಾನುವಾರ ಬೆಳಿಗ್ಗೆಯೇ ಮೆಟ್ರೋ ಹತ್ತಿ ಹೋಗಿ, ಹೆಸರನ್ನು ಹುಡುಕಿ, ವಿಡಿಯೊ ಕಾಲ್ ಮಾಡಿದ. ಬಿಳಿ ಕಲ್ಲಿನ ಮೇಲೆ ಸಾಲು ಸಾಲು ಹೆಸರು. ಅವನು ಬೆರಳಿಟ್ಟು ತೋರಿಸಿದ. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ಫೋನಿನ ಮೇಲೆ ಅದೇ ಜಾಗದಲ್ಲಿ ತಾನೂ ಬೆರಳಿಟ್ಟಳು. ಕಾಲ್ ಕಟ್ ಆಯಿತು ಬಿಡಿ, ಮತ್ತೆ ಮಾಡಿದೆವು.

ನಿಮ್ಮ ಮನೆಯಲ್ಲೂ ಇದ್ದರೆ

ನಿಮ್ಮ ಮನೆಯಲ್ಲೂ ‘ಮಿಲಿಟರಿ ತಾತ’ ಒಬ್ಬರಿದ್ದರೆ, ನಾನು ತಪ್ಪು ಮಾಡಿ ಕಲಿತದ್ದನ್ನು ಹೇಳಿಬಿಡುತ್ತೇನೆ.

ಮೊದಲು ಮನೆಯ ಹಿರಿಯರನ್ನು ಕೇಳಿ. ಹುಟ್ಟಿದ ಊರು, ತಂದೆಯ ಹೆಸರು, ಹೆಂಡತಿಯ ಹೆಸರು, ಮನೆಯಲ್ಲಿ ಕರೆಯುತ್ತಿದ್ದ ಹೆಸರು ಎಲ್ಲವನ್ನೂ ಬರೆದುಕೊಳ್ಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಹಳೆ ಟ್ರಂಕು ನೋಡಿ. ಮೆಡಲ್ ಸಿಕ್ಕರೆ ಅದರ ಅಂಚನ್ನು ಭೂತಗನ್ನಡಿಯಲ್ಲಿ ಓದಿ. ನಕ್ಷತ್ರದ ಆಕಾರದ್ದಾದರೆ ಹಿಂಬದಿ ನೋಡಿ. ಬ್ರಿಟಿಷ್ ಸೈನಿಕರಿಗೆ ಕೊಟ್ಟ ಎರಡನೇ ಮಹಾಯುದ್ಧದ ಮೆಡಲ್‌ಗಳಲ್ಲಿ ಹೆಸರು ಇರುತ್ತಿರಲಿಲ್ಲ. ನಮ್ಮವರಿಗೆ ಕೊಟ್ಟದ್ದರಲ್ಲಿ ಸಂಖ್ಯೆ, ಹೆಸರು, ಪಡೆ ಕೊರೆದಿರುತ್ತಿತ್ತು. ಪಾಲಿಶ್ ಮಾತ್ರ ಮಾಡಬೇಡಿ, ಅಕ್ಷರ ಸವೆದು ಹೋಗುತ್ತದೆ.

ಬದುಕಿ ಬಂದವರು ವಾರ್ ಗ್ರೇವ್ಸ್ ಪಟ್ಟಿಯಲ್ಲಿ ಸಿಗುವುದಿಲ್ಲ. ಸಾಮಾನ್ಯ ಸಿಪಾಯಿಗಳ ಸರ್ವಿಸ್ ದಾಖಲೆ ಲಂಡನ್ನಿನಲ್ಲಿ ಇಲ್ಲ. ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸನ್ನೇ ಕೇಳಬೇಕು. ಅದಕ್ಕೆ ಹಳೆ ಪಡೆಯ ಈಗಿನ ಹೆಸರು ಗೊತ್ತಿರಬೇಕು. ಮೈಸೂರು ಇನ್‌ಫೆಂಟ್ರಿ ಈಗ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್. ಆ ರೆಜಿಮೆಂಟಿನ ಕೇಂದ್ರ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ. ಮೈಸೂರು ಲ್ಯಾನ್ಸರ್ಸ್ 61ನೇ ಕ್ಯಾವಲ್ರಿಯಲ್ಲಿ ಸೇರಿಹೋಯಿತು. ಮದ್ರಾಸ್ ಸ್ಯಾಪರ್ಸ್ ಕೇಂದ್ರ ಬೆಂಗಳೂರಿನ ಹಲಸೂರಿನಲ್ಲೇ ಇದೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲೂ ವಿಚಾರಿಸಿ.

ಐಎನ್‌ಎ ಸೇರಿದವರಾದರೆ, ರಕ್ಷಣಾ ಇಲಾಖೆ 1997ರಲ್ಲಿ ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಕೊಟ್ಟ 990 ಕಡತಗಳಿವೆ. ಪತ್ರಾಗಾರದ ‘ಅಭಿಲೇಖ್ ಪಟಲ್’ ಪೋರ್ಟಲ್‌ನಲ್ಲಿ ಮನೆಯಲ್ಲೇ ಕೂತು ಹುಡುಕಬಹುದು.

ಹೆಸರು ಸಿಗದಿದ್ದರೆ ‘ತಾತ ಸುಳ್ಳು ಹೇಳಿದ್ರು’ ಅಂದುಕೊಳ್ಳಬೇಡಿ. ಮೊದಲ ಮಹಾಯುದ್ಧದಲ್ಲಿ ಸತ್ತ ಕನಿಷ್ಠ 1,16,000 ಜನರನ್ನು, ಪ್ರಾಯಶಃ 3,50,000ದವರೆಗೂ, ಹೆಸರಿನಿಂದ ಸ್ಮರಿಸಿಯೇ ಇಲ್ಲ ಅಂತ ವಾರ್ ಗ್ರೇವ್ಸ್ ಕಮಿಷನ್ನಿನ ಸಮಿತಿಯೇ 2021ರಲ್ಲಿ ವರದಿ ಕೊಟ್ಟಿತು. ಅವರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾ ಮತ್ತು ಈಜಿಪ್ಟ್ ಮೂಲದವರು. ಭಾರತೀಯರ ವಿಷಯದಲ್ಲೂ ತಾರತಮ್ಯ ಆಗಿದೆ ಅಂತ ಅದೇ ವರದಿ ಒಪ್ಪಿಕೊಂಡಿದೆ.

ಮತ್ತೆ ತಡ ಮಾಡಬೇಡಿ. ದಾಖಲೆ ಇನ್ನೂ ನೂರು ವರ್ಷ ಸರ್ವರ್‌ನಲ್ಲಿ ಇರಬಹುದು. ‘ಅಪ್ಪನೂರು ಬೇರೆ ಕಣೋ’ ಅನ್ನುವವರು ಇರುವುದಿಲ್ಲ.

ಈ ಸಲದ ಮಹಾಲಯ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಎಲೆಗಳ ಸಾಲಿಗೆ ಇನ್ನೊಂದು ಎಲೆ ಸೇರಿತು. ಅಮ್ಮ ಅಡುಗೆಮನೆಯಿಂದ ‘ನಿಮ್ಮಪ್ಪಂಗೆ ಏನಿಷ್ಟ ಹೇಳವ್ವ, ಮಾಡ್ತೀನಿ’ ಅಂದರು. ಅಜ್ಜಿ ತುಂಬಾ ಹೊತ್ತು ಯೋಚನೆ ಮಾಡಿದಳು. ಆಮೇಲೆ ‘ನಂಗೆ ಗೊತ್ತಿಲ್ಲ ಕಣವ್ವ. ಎಲ್ಲಾ ಸ್ವಲ್ಪ ಸ್ವಲ್ಪ ಮಾಡು’ ಅಂದಳು.