ಹರಾಜಿನ ಸುಗ್ಗಿ, ಆಟಕ್ಕೆ ಬರ

ಡಿಸೆಂಬರ್ ಎಂದರೆ ನಮ್ಮ ಕಡೆ ತೊಗರಿಯ ಕಾಲ. ಕಲಬುರಗಿ ನಗರ ಬೆಳೆಯುತ್ತ ಬಂದು ಕುಸನೂರನ್ನು ಮುಟ್ಟಿದ್ದರೂ ಈ ತಿಂಗಳಲ್ಲಿ ಊರಿನ ಮಾತು ಇಂದಿಗೂ ತೊಗರಿಯ ಸುತ್ತಲೇ ತಿರುಗುತ್ತದೆ: ಕಾಯಿ ಹೇಗೆ ಕಟ್ಟಿದೆ, ರಾಶಿ ಯಾವಾಗ, ಗಂಜಿನಲ್ಲಿ ದರ ಎಷ್ಟು? 2025ರ ಡಿಸೆಂಬರ್ 16ರಂದು ಮಾತ್ರ ನಮ್ಮ ಮನೆಯ ಟಿ.ವಿ.ಯಲ್ಲಿ ಇನ್ನೊಂದು ಗಂಜು ತೆರೆದುಕೊಂಡಿತ್ತು. ಅಬುಧಾಬಿಯಲ್ಲಿ ಐಪಿಎಲ್ ಆಟಗಾರರ ಹರಾಜು. ಆಸ್ಟ್ರೇಲಿಯಾದ ಕ್ಯಾಮರೂನ್ ಗ್ರೀನ್ 25.20 ಕೋಟಿ ರೂಪಾಯಿಗೆ ಕೋಲ್ಕತ್ತ ತಂಡದ ಪಾಲಾದಾಗ ನಿರೂಪಕರ ಧ್ವನಿ ತಾರಕಕ್ಕೇರಿತು.

ಆ ಹೊತ್ತಿಗೆ ನೆರೆಮನೆಯ ರೈತರೊಬ್ಬರು ಬಂದು ಕುಳಿತಿದ್ದರು. ನಾನು ಅವರನ್ನು ಕಾಕಾ ಎಂದೇ ಕರೆಯುವುದು. ‘ಈ ರೊಕ್ಕಕ್ಕ ಎಷ್ಟ್ ಕ್ವಿಂಟಲ್ ತೊಗರಿ ಬರ್ತದಪಾ?’ ಎಂದು ಕೇಳಿದರು. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಲೆಕ್ಕ ಹಾಕಿ 31,500 ಕ್ವಿಂಟಲ್ ಎಂದೆ. ಕಾಕಾ ಬೆರಗಾಗಲಿಲ್ಲ. ‘ಒಂದು ಚೀಲ ತೊಗರಿ ಕೊಳ್ಳೂ ಮುಂದ ಖರೀದಿದಾರ ಒಳಗ ಕೈ ಹಾಕಿ ಕಾಳು ನೋಡ್ತಾನ. ಇವ್ರ ಹೇಳಿದ್ದು ಖರೇನೋ ಸುಳ್ಳೋ ಅಂತ ಆಮ್ಯಾಗ ಯಾರ್ ನೋಡ್ತಾರ?’ ಎಂದರು. ತಂಡಗಳನ್ನಲ್ಲ, ಪರದೆಯ ಮೇಲೆ ತಂಡಗಳಿಗೆ ಅಂಕ ಹಂಚುತ್ತಿದ್ದ ಪಂಡಿತರನ್ನು ಕುರಿತು ಅವರು ಹೇಳುತ್ತಿದ್ದರು.

ನಾನು ಈ ಆಟದ ವಿರೋಧಿಯಲ್ಲ. 2008ರ ಮೊದಲ ಹರಾಜಿನಿಂದಲೂ ಬೆಂಗಳೂರು ತಂಡದ ಅಭಿಮಾನಿ. 2009, 2011 ಮತ್ತು 2016ರ ಫೈನಲ್‌ಗಳಲ್ಲಿ ಸೋತಾಗ ರಾತ್ರಿ ಊಟ ಬಿಟ್ಟವನು. ‘ಈ ಸಲ ಕಪ್ ನಮ್ದೇ’ ಎಂಬ ಮಾತನ್ನು ಪ್ರತಿ ವರ್ಷ ನಂಬಿದವನು. ಆ ನಂಬಿಕೆಯ ಬಹುಪಾಲು ಹುಟ್ಟುತ್ತಿದ್ದುದು ಆಟ ನಡೆಯುವ ಬೇಸಿಗೆಯಲ್ಲಲ್ಲ. ಆಟವೇ ಇಲ್ಲದ ಚಳಿಗಾಲದಲ್ಲಿ, ಹರಾಜಿನ ಮರುದಿನದ ಪುಟಗಳಲ್ಲಿ.

ಆ ಪುಟಗಳನ್ನು ಈಗ ತಿರುವಿ ನೋಡಿದರೆ ಏನು ಕಾಣುತ್ತದೆ? 2011ರ ಜನವರಿಯ ಹರಾಜಿನಲ್ಲಿ ಕ್ರಿಸ್ ಗೇಲ್ ಅವರನ್ನು ಯಾರೂ ಕೊಳ್ಳಲಿಲ್ಲ. ಡರ್ಕ್ ನ್ಯಾನೆಸ್ ಗಾಯಗೊಂಡ ಮೇಲೆ ಬದಲಿಯಾಗಿ ಬೆಂಗಳೂರಿಗೆ ಬಂದ ಅವರು ಆ ವರ್ಷ 608 ರನ್ ಹೊಡೆದು, ಟೂರ್ನಿಯಲ್ಲೇ ಹೆಚ್ಚು ರನ್ ಗಳಿಸಿದವರಾದರು. 2014ರಲ್ಲಿ ಅದೇ ತಂಡ 14 ಕೋಟಿಗೆ ಯುವರಾಜ್ ಸಿಂಗ್ ಅವರನ್ನು ಕೊಂಡು, ಒಂದೇ ವರ್ಷಕ್ಕೆ ಕೈಬಿಟ್ಟಿತು. 2022ರ ದೊಡ್ಡ ಹರಾಜಿನಲ್ಲಿ ರಜತ್ ಪಾಟೀದಾರ್ ಯಾರಿಗೂ ಬೇಕಾಗಲಿಲ್ಲ. ಕರ್ನಾಟಕದ ಲವ್‌ನೀತ್ ಸಿಸೋಡಿಯಾ ಗಾಯಗೊಂಡಾಗ 20 ಲಕ್ಷ ರೂಪಾಯಿಗೆ ಬಂದ ಅವರು ಆ ಮೇ 25ರಂದು ಲಖನೌ ವಿರುದ್ಧದ ಎಲಿಮಿನೇಟರ್ ಪಂದ್ಯದಲ್ಲಿ ಔಟಾಗದೆ 112 ಗಳಿಸಿದರು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ ಕಪ್ ಎತ್ತಿದ ನಾಯಕ ಇವರೇ. ಹದಿನೇಳು ವರ್ಷ ಕಾದ ಕಪ್ಪನ್ನು ಎತ್ತಿ ಹಿಡಿದದ್ದು ಹರಾಜಿನಲ್ಲಿ ಮಾರಾಟವಾಗದೆ ಉಳಿದಿದ್ದ ಕೈ. (ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಪ್ರಾಣ ಬಿಟ್ಟರು. ಅಂದಿನಿಂದ ‘ನಮ್ದೇ’ ಎಂಬ ಮಾತು ನನ್ನ ಬಾಯಿಂದ ಮೊದಲಿನಂತೆ ಹೊರಡುವುದಿಲ್ಲ.)

ದುಬಾರಿ ಆಟಗಾರರೆಲ್ಲ ಸೋಲುತ್ತಾರೆ ಎಂದು ವಾದಿಸುವುದೂ ಅಪ್ರಾಮಾಣಿಕತೆಯೇ. 24.75 ಕೋಟಿಯ ಮಿಚೆಲ್ ಸ್ಟಾರ್ಕ್ 2024ರ ಫೈನಲ್‌ನಲ್ಲಿ ಪಂದ್ಯಶ್ರೇಷ್ಠರಾಗಿ ಕೋಲ್ಕತ್ತಕ್ಕೆ ಕಪ್ ತಂದುಕೊಟ್ಟರು. ಆದರೆ ಅದೇ ವರ್ಷದ ನವೆಂಬರ್ ಹರಾಜಿನಲ್ಲಿ ಅವರು ದೆಹಲಿಗೆ ಹೋದದ್ದು 11.75 ಕೋಟಿಗೆ. ಗೆಲ್ಲಿಸಿಕೊಟ್ಟ ಮೇಲೆ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು! ಅಂದು ಯಾರ ಚೀಲದಲ್ಲಿ ಎಷ್ಟು ಹಣ ಉಳಿದಿದೆ, ಅದೇ ಆಟಗಾರನಿಗಾಗಿ ಇನ್ನೆಷ್ಟು ತಂಡಗಳು ಕೈ ಎತ್ತುತ್ತವೆ ಎಂಬುದರ ಮೇಲೆ ನಿಂತ ಅಂಕಿ ಅದು. ಅದನ್ನು ಆಟಗಾರನ ಯೋಗ್ಯತೆಯೆಂದು ಓದಿಸುವುದೇ ತಪ್ಪು.

ಆ ಅಂಕಿಯಾದರೂ ಪೂರ್ತಿ ನಿಜವೇ? ಮಿನಿ ಹರಾಜಿನಲ್ಲಿ ವಿದೇಶಿ ಆಟಗಾರನ ಕೈಸೇರುವ ಮೊತ್ತಕ್ಕೆ 18 ಕೋಟಿಯ ಮಿತಿ ಇತ್ತು. ಮಿಕ್ಕದ್ದು ಕ್ರಿಕೆಟ್ ಮಂಡಳಿಗೆ. ಹೀಗಾಗಿ ಗ್ರೀನ್ ಪಾಲಿಗೆ 25.20 ಎಂಬುದು 18 ಮಾತ್ರ. ತಲೆಬರಹಕ್ಕೆ ಮಾತ್ರ ದೊಡ್ಡ ಅಂಕಿಯೇ ಬೇಕು.

ಮಾಧ್ಯಮಗಳು ಹೀಗೇಕೆ ಮಾಡುತ್ತವೆ ಎಂಬುದನ್ನು ತಿಳಿಯಲು ಪಿತೂರಿ ಹುಡುಕಬೇಕಿಲ್ಲ. ಆಟ ನಡೆಯುವುದು ಎರಡು ತಿಂಗಳು. ಪುಟ ತುಂಬಬೇಕಾದದ್ದು ಹನ್ನೆರಡು ತಿಂಗಳು. 2023ರಿಂದ 2027ರವರೆಗಿನ ಪ್ರಸಾರದ ಹಕ್ಕು ಮಾರಾಟವಾದದ್ದು 48,390 ಕೋಟಿಗೆ. ಅಷ್ಟು ಹಣ ಸುರಿದವರು ಹರಾಜನ್ನೂ ತಾವೇ ತೋರಿಸುವಾಗ, ತಮ್ಮ ಅಂಗಡಿಯ ಮಾಲು ಜಳ್ಳು ಎಂದು ತಾವೇ ಹೇಳಬೇಕೆಂದು ನಿರೀಕ್ಷಿಸುವುದು ಅತಿಯಾಸೆ. ಆದರೆ ಆ ಹಕ್ಕಿನ ಹಂಗಿಲ್ಲದ ಪತ್ರಿಕೆಗಳೂ ಅದೇ ತಾಳಕ್ಕೆ ಕುಣಿಯಬೇಕೇ? ಹರಾಜಿನ ಸಂಜೆ ‘ಹತ್ತಕ್ಕೆ ಎಂಟು’ ಎಂದು ಅಂಕ ಕೊಟ್ಟವರು ಮೇ ಕೊನೆಯಲ್ಲಿ ಅದನ್ನು ತೆಗೆದು ನೋಡಿ, ‘ನಾನು ತಪ್ಪಿದೆ’ ಎಂದು ಬರೆದದ್ದನ್ನು ನಾನಂತೂ ಓದಿಲ್ಲ.

ಈ ವ್ಯಾಪಾರ ನಮ್ಮ ಊರಿನ ಹೆಸರಿನಲ್ಲೂ ನಡೆದಿದೆ. 2022ರಲ್ಲಿ ಮಹಾರಾಜ ಟ್ರೋಫಿಯ ಮೊದಲ ಆವೃತ್ತಿಯನ್ನು ಮನೀಶ್ ಪಾಂಡೆ ನಾಯಕತ್ವದ ಗುಲ್ಬರ್ಗಾ ಮಿಸ್ಟಿಕ್ಸ್ ಗೆದ್ದಿತು. ನಾವು ಹಿಗ್ಗಿದೆವು. ಆದರೆ ಪಂದ್ಯಗಳು ನಡೆದದ್ದು ಮೈಸೂರು ಮತ್ತು ಬೆಂಗಳೂರಿನಲ್ಲಿ. ನಮ್ಮ ಚಾಂಪಿಯನ್ನರನ್ನು ನಾವು ಕಂಡದ್ದು ಪರದೆಯಲ್ಲೇ. 2014ರ ನವೆಂಬರ್ 1ರಂದೇ ಊರು ಕಲಬುರಗಿಯಾಗಿದ್ದರೂ ತಂಡಕ್ಕೆ ಆ ಸುದ್ದಿ ಮುಟ್ಟಿರಲಿಲ್ಲ. ಮರುವರ್ಷ ಹರಾಜು ನಡೆದು ಪಾಂಡೆ ಹುಬ್ಬಳ್ಳಿಯ ನಾಯಕರಾದರು. 2023ರ ಕಪ್ಪೂ ಹುಬ್ಬಳ್ಳಿಗೆ ಹೋಯಿತು. ಆಟಗಾರರ ತಪ್ಪೇನೂ ಇಲ್ಲ. ಅದು ಅವರ ಹೊಟ್ಟೆಪಾಡು, ಅವರ ವೃತ್ತಿ. ಆದರೆ ನನ್ನ ಅಭಿಮಾನ ಯಾರ ಮೇಲೆ? ಊರಿನ ಮೇಲೋ, ಅಂಗಿಯ ಬಣ್ಣದ ಮೇಲೋ?

ನಿಜವಾಗಿ ನಷ್ಟವಾಗುತ್ತಿರುವುದು ನನಗಲ್ಲ. ನಮ್ಮ ಓಣಿಯಲ್ಲಿ ಹದಿನೈದರ ಹುಡುಗನೊಬ್ಬನಿದ್ದಾನೆ, ವೇಗದ ಬೌಲರ್. ಹತ್ತೂ ತಂಡಗಳ ಆಟಗಾರರ ಬೆಲೆ ಅವನಿಗೆ ಬಾಯಿಪಾಠ. 2024ರ ಜೆದ್ದಾ ಹರಾಜಿನಲ್ಲಿ ರಿಷಭ್ ಪಂತ್ ಅವರಿಗೆ 27 ಕೋಟಿ ಬಂದದ್ದನ್ನು ಮಗ್ಗಿಯಂತೆ ಹೇಳುತ್ತಾನೆ. ಹದಿನಾರು ವರ್ಷದೊಳಗಿನವರಿಗೆ ವಿಜಯ್ ಮರ್ಚೆಂಟ್ ಟ್ರೋಫಿ ಇದೆ, ಹತ್ತೊಂಬತ್ತರೊಳಗಿನವರಿಗೆ ಕೂಚ್ ಬೆಹಾರ್ ಟ್ರೋಫಿ ಇದೆ, ಆ ಮೆಟ್ಟಿಲು ಹತ್ತಲು ಮೊದಲು ವಲಯದ ಆಯ್ಕೆಯಲ್ಲಿ ಗೆಲ್ಲಬೇಕು ಎಂದೆ. ‘ಹಂಗಂದ್ರ ಏನ್ರಿ ಸರ್? ಪೇಪರ್‌ದಾಗ ಎಂದೂ ಬಂದಿಲ್ಲಲ್ರಿ’ ಎಂದ. ಏಣಿಯ ತುದಿಯನ್ನಷ್ಟೇ ತೋರಿಸಿ, ಮೆಟ್ಟಿಲುಗಳನ್ನು ಮುಚ್ಚಿಟ್ಟವರು ನಾವು ದೊಡ್ಡವರೇ.

ಅವನಿಗೆ ನಾನು ಕರುಣ್ ನಾಯರ್ ಕತೆ ಹೇಳಿದೆ. 2016ರಲ್ಲಿ ಇಂಗ್ಲೆಂಡ್ ವಿರುದ್ಧ ಚೆನ್ನೈನಲ್ಲಿ ಔಟಾಗದೆ 303 ಗಳಿಸಿದ ಈ ಆಟಗಾರ, ಮುಂದೆ ಕರ್ನಾಟಕ ತಂಡದಲ್ಲೇ ಸ್ಥಾನ ಕಳೆದುಕೊಂಡು 2023ರಲ್ಲಿ ವಿದರ್ಭಕ್ಕೆ ಹೋದರು. ಅಲ್ಲಿ ಹರಾಜಿರಲಿಲ್ಲ, ಕೋಟಿ ಇರಲಿಲ್ಲ, ತಲೆಬರಹವೂ ದೊಡ್ಡದಿರಲಿಲ್ಲ. 2024-25ರಲ್ಲಿ ವಿದರ್ಭ ರಣಜಿ ಗೆದ್ದಾಗ ಕರುಣ್ ಅವರದ್ದು 863 ರನ್. ಅದರಲ್ಲಿ ಫೈನಲ್‌ನ ಶತಕವೂ ಸೇರಿತ್ತು. 2025ರಲ್ಲಿ ಅವರು ಮತ್ತೆ ಭಾರತದ ಟೆಸ್ಟ್ ತಂಡದಲ್ಲಿದ್ದರು. ಒಬ್ಬ ಕನ್ನಡಿಗ ಆಟಗಾರನ ಜೀವನದ ಅತಿ ಮುಖ್ಯ ‘ವರ್ಗಾವಣೆ’ ಇದು.

ಮುಂದಿನ ಹರಾಜನ್ನೂ ನಾನು ನೋಡುವವನೇ. ಚಟ ಬಿಡುವುದು ಸುಲಭವಲ್ಲ. ಆದರೆ ಈ ಸಲ ಕೈಯಲ್ಲೊಂದು ನೋಟ್‌ಬುಕ್ ಇರುತ್ತದೆ. ಯಾವ ಪಂಡಿತರು ಯಾವ ತಂಡಕ್ಕೆ ಎಷ್ಟು ಅಂಕ ಕೊಟ್ಟರು ಎಂಬುದನ್ನು ಒಂದು ಕಡೆ ಬರೆದು, ಟೂರ್ನಿ ಮುಗಿದ ದಿನ ಇನ್ನೊಂದು ಕಡೆ ಫಲಿತಾಂಶ ಬರೆಯುತ್ತೇನೆ. ಪತ್ರಿಕೆಗಳೂ ಇಷ್ಟು ಮಾಡಲಿ. ಉಳಿದ ಜಾಗದಲ್ಲಿ ಜಿಲ್ಲೆಯ ಮಕ್ಕಳಿಗೆ ಆಯ್ಕೆ ಎಲ್ಲಿ, ಎಂದು ಎಂಬ ನಾಲ್ಕು ಸಾಲು ಹಾಕಲಿ.

ಈ ಉಪಾಯವನ್ನು ಕಾಕಾಗೆ ಹೇಳಿದಾಗ ಅವರು ನಕ್ಕು, ‘ರಾಶಿ ಆಗಲಿ ತಡೀ, ಆಮ್ಯಾಗ ಕಾಳೆಷ್ಟು ಹೊಟ್ಟೆಷ್ಟು ಗೊತ್ತಾಗ್ತದ’ ಎಂದು ಹೊಲದ ಕಡೆ ನಡೆದರು.