ಸ್ಲೈಡರ್‌ನ ಕುಲುಕಾಟ ಎಲ್ಲಿಂದ ಬರುತ್ತದೆ?

ಹತ್ತಿರದ ಗಿಡ ಸರ್ರನೆ ಪಕ್ಕಕ್ಕೆ ಸರಿಯುತ್ತದೆ, ದೂರದ ಬೆಟ್ಟ ಮಾತ್ರ ಕದಲುವುದಿಲ್ಲ. ಸಿನಿಮಾದಲ್ಲಿ ಇಂಥ ದೃಶ್ಯ ನೋಡಿರುತ್ತೀರಿ. ಕ್ಯಾಮೆರಾವನ್ನು ಇದ್ದಲ್ಲೇ ತಿರುಗಿಸಿದರೆ ಇದು ಸಿಗದು. ಕ್ಯಾಮೆರಾವೇ ಜಾಗ ಬದಲಿಸಬೇಕು. ಅದಕ್ಕೊಂದು ಹಳಿ ಬೇಕು, ಅದೇ ಸ್ಲೈಡರ್. ಹಾರ್ಡ್‌ವೇರ್ ಅಂಗಡಿಯ ಎರಡು ಸ್ಟೀಲ್ ಪೈಪು, ಒಂದಷ್ಟು ಬೇರಿಂಗು, ಎಲ್ ಆ್ಯಂಗಲ್ಲು, ನಟ್ಟು ಬೋಲ್ಟುಗಳಲ್ಲಿ ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

ಅಗ್ಗದ ಉಪಾಯವೆಂದು ಕೆಲವರು ಪೈಪಿನ ಮೇಲೆ ಪಿವಿಸಿ ತುಂಡನ್ನೇ ಜಾರಿಸುತ್ತಾರೆ. ಕೈಗೆ ನುಣುಪೆನ್ನಿಸಿದರೂ ವಿಡಿಯೊ ಮುಗ್ಗರಿಸುತ್ತದೆ. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ, ಕದಲಿದ್ದನ್ನು ಸಾಗಿಸುವ ಬಲಕ್ಕಿಂತ ಹೆಚ್ಚು. ನಿಧಾನವಾಗಿ ಎಳೆದರೆ ಅದು ಅಂಟುತ್ತದೆ, ತಟ್ಟನೆ ಬಿಡುತ್ತದೆ, ಮತ್ತೆ ಅಂಟುತ್ತದೆ. ಪಿಟೀಲಿನ ತಂತಿ ನುಡಿಯುವುದು ಇದೇ ಅಂಟು-ಜಾರಾಟದಿಂದ. ನಮಗೆ ಅದು ಬೇಡ. ಆದ್ದರಿಂದ ಜಾರಿಸಬೇಡಿ, ಉರುಳಿಸಿ. ಸ್ಕೇಟಿಂಗ್ ಚಕ್ರಗಳಲ್ಲಿರುವ 608 ನಂಬರಿನ ಬೇರಿಂಗ್ ಕೇಳಿ. ಅದರ ಹೊರವ್ಯಾಸ 22 ಮಿ.ಮೀ., ಒಳರಂಧ್ರ 8 ಮಿ.ಮೀ.; 8ರ ಬೋಲ್ಟೇ ಅಚ್ಚು.

ನಿಜವಾದ ತಲೆನೋವು ಪೈಪುಗಳದು. ಎಷ್ಟೇ ಅಳೆದು ಕೂರಿಸಿದರೂ ಎರಡು ಪೈಪುಗಳ ನಡುವಿನ ಅಂತರ ಉದ್ದಕ್ಕೂ ಒಂದೇ ಆಗಿರುವುದಿಲ್ಲ. ಕ್ಯಾಮೆರಾ ಹೊರುವ ಗಾಡಿ ಎರಡನ್ನೂ ಬಿಗಿಯಾಗಿ ಹಿಡಿದುಕೊಂಡರೆ ನಡುವೆಲ್ಲೋ ಸಿಕ್ಕಿಬೀಳುತ್ತದೆ. ಬೇರಿಂಗುಗಳನ್ನು ಓರೆಯಾಗಿ ಜೋಡಿಸಿ, ಅಂಥ ಎರಡು ಜೋಡಿ ಒಂದು ಪೈಪನ್ನಷ್ಟೇ ತಬ್ಬಿಕೊಳ್ಳಲಿ. ಇನ್ನೊಂದರ ಮೇಲೆ ಒಂಟಿ ಬೇರಿಂಗ್ ಸುಮ್ಮನೆ ಕೂತು ಉರುಳಲಿ. ಮೊದಲ ಪೈಪು ದಾರಿ ತೋರಿಸುತ್ತದೆ, ಎರಡನೆಯದು ಭಾರ ಹೊರುತ್ತದೆ, ಅಷ್ಟೇ. ಆಸರೆ ಮೂರೇ ಕಡೆ ಇರುವುದರಿಂದ ಪೈಪು ತುಸು ಸೊಟ್ಟಗಿದ್ದರೂ ಗಾಡಿ ಕುಂಟುವುದಿಲ್ಲ. ದುಬಾರಿ ರೇಲಿಗಿಂತ ಈ ಜೋಡಣೆಯೇ ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಉದ್ದದ ಆಸೆ ಬೇಡ. ಪೈಪಿನ ಉದ್ದ ಇಮ್ಮಡಿಯಾದರೆ ಅದೇ ಕ್ಯಾಮೆರಾದ ಭಾರಕ್ಕೆ ಅದು ಎಂಟು ಪಟ್ಟು ಬಾಗುತ್ತದೆ. ವ್ಯಾಸದಲ್ಲಿ ಮಾತ್ರ ಧಾರಾಳವಾಗಿರಿ.

ಕ್ಯಾಮೆರಾದ ತಳಕ್ಕೆ ಹೋಗುವುದು ಕಾಲು ಇಂಚಿನ, ಇಂಚಿಗೆ 20 ಥ್ರೆಡ್ಡಿನ ಸ್ಕ್ರೂ. ಅಂಗಡಿಯವರು 6 ಮಿ.ಮೀ. ಬೋಲ್ಟ್ ಕೊಟ್ಟು ‘ಎರಡೂ ಒಂದೇ’ ಎಂದರೆ ನಂಬಬೇಡಿ. ಬಲವಂತವಾಗಿ ತಿರುಗಿಸಿದರೆ ಕ್ಯಾಮೆರಾದ ಥ್ರೆಡ್ ಹಾಳಾಗುತ್ತದೆ.

ಗಾಡಿಯನ್ನು ಕೈಯಿಂದ ತಳ್ಳುವ ಬದಲು ಉದ್ದನೆಯ ರಬ್ಬರ್ ಬ್ಯಾಂಡ್ ಕಟ್ಟಿ ಎಳೆಯಿರಿ. ಕೈಯ ನಡುಕವನ್ನು ರಬ್ಬರ್ ನುಂಗಿಕೊಳ್ಳುತ್ತದೆ. ಗಾಡಿ ತುಸು ಭಾರವಿದ್ದರೆ ಇನ್ನೂ ಒಳ್ಳೆಯದು. ಪಿವಿಸಿ ಜಾರಿಸುವ ಸ್ಲೈಡರ್‌ಗೆ ಮಾತ್ರ ಈ ಉಪಾಯ ಬೇಡ, ಅಲ್ಲಿ ಹಿಗ್ಗಿ ಕುಗ್ಗುವ ರಬ್ಬರ್ ಅಂಟು-ಜಾರಾಟವನ್ನು ಹೆಚ್ಚೇ ಮಾಡುತ್ತದೆ.