ತಂತಿಗೆ ಜವಾರಿ ಹತ್ತಿದ ಕತೆ

ನಮ್ಮ ಕಡೆ ಜವಾರಿ ಅಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಜವಾರಿ ಕೋಳಿ, ಜವಾರಿ ಆಕಳು, ಜವಾರಿ ಬದನೆಕಾಯಿ, ಜವಾರಿ ಮಾತು. ಗೋಕಾಕದ ಸಂತೆಯಲ್ಲಿ ಸವತೆಕಾಯಿ ಮಾರುವಾಕೆ ‘ಜವಾರಿ ಐತ್ರಿ’ ಅಂದರೆ ಸಾಕು, ಕೊಳ್ಳುವವರ ಚೌಕಾಸಿ ಅರ್ಧಕ್ಕೇ ನಿಲ್ಲುತ್ತದೆ. ಇದೇ ಮಾತಿಗೆ, ಘಟಪ್ರಭಾ ಸ್ಟೇಷನ್ನಿನಲ್ಲಿ ರೈಲು ಹತ್ತಿ ರಾಯಬಾಗ, ಕುಡಚಿ, ಶೇಡಬಾಳ ದಾಟಿ ಮಿರಜದಲ್ಲಿ ಇಳಿದರೆ, ಬೇರೆಯೇ ಅರ್ಥ. ತಂಬೂರಿಯ ತಂತಿ ಮೀಟಿದಾಗ ಸ್ವರದ ಬೆನ್ನಿಗೇ ಎದ್ದು ಹರಡುವ ಝೇಂಕಾರವಿದೆಯಲ್ಲ, ಅದಕ್ಕೆ ಅಲ್ಲಿಯ ವಾದ್ಯ ಮಾಡುವವರು ಜವಾರಿ ಎನ್ನುತ್ತಾರೆ.

ನನಗೆ ಈ ಎರಡನೆಯ ಅರ್ಥ ತಿಳಿದದ್ದು ಕೆಟ್ಟುಹೋದ ಗಿಟಾರಿನಿಂದ.

ಪಿಯುಸಿ ಮುಗಿದ ಬೇಸಿಗೆ. ಕೂಡಿಟ್ಟ ದುಡ್ಡಿನಲ್ಲಿ ಅಗ್ಗದ್ದೊಂದು ಗಿಟಾರು ಕೊಂಡು ಹುಕ್ಕೇರಿ ಸೀಮೆಯ ನಮ್ಮೂರಿಗೆ ತಂದಿದ್ದೆ. ತಗಡಿನ ಚಾವಣಿಯ ಮನೆ, ಏಪ್ರಿಲ್ ತಿಂಗಳ ಬಿಸಿಲು. ಮೂರೇ ವಾರಕ್ಕೆ ಕಟ್ಟಿಗೆ ಒಣಗಿ ಮೇಲಿನ ಹಲಗೆ ಒಳಕ್ಕೆ ಕುಸಿಯಿತು, ತಂತಿಗಳು ಫ್ರೆಟ್ಟಿಗೆ ಹತ್ತಿರವಾದವು. ದಪ್ಪ ತಂತಿಗಳನ್ನು ಮೀಟಿದರೆ ‘ಝರ್ರ್’ ಎಂಬ ಸದ್ದು. ಗಿಟಾರು ನುಡಿಸುವವರಿಗೆ ಇದು ಚೆನ್ನಾಗಿ ಗೊತ್ತಿರುವ ರೋಗ, ಫ್ರೆಟ್ ಬಜ್. ಬೆಳಗಾವಿಗೆ ಒಯ್ದು ರಿಪೇರಿ ಮಾಡಿಸಬೇಕೆಂದು ಚೀಲಕ್ಕೆ ಹಾಕುತ್ತಿದ್ದಾಗ, ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜ ಕೇಳಿದ:

‘ಏ ತಮ್ಮಾ, ಅದನ್ನ ಯಾಕ ಒಯ್ಯಾಕತ್ತಿ? ಇಷ್ಟ ದಿನ ಸಪ್ಪಗ ನುಡೀತಿತ್ತು. ಈಗರ ಜವಾರಿ ಹತ್ತೇತಿ.’

ಅಜ್ಜ ಸೋಮವಾರದ ಭಜನಿಯಲ್ಲಿ ಏಕತಾರಿ ಹಿಡಿಯುವವನು. ಅವನ ಕಿವಿಗೆ ನನ್ನ ಗಿಟಾರಿನ ರೋಗವೇ ಆರೋಗ್ಯವಾಗಿ ಕೇಳಿಸಿತ್ತು. ಆ ಮಾತು ಬಹಳ ವರ್ಷ ನನ್ನನ್ನು ಬಿಡಲಿಲ್ಲ. ಅಂಥ ಕಿವಿ ಹೇಗೆ ತಯಾರಾಯಿತು ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಸೀಮೆಯ ಮೀಟು ವಾದ್ಯಗಳಲ್ಲಿ ಶುದ್ಧ ಸ್ವರವೆಂಬುದು ಒಂಟಿಯಾಗಿ ಬರುವುದೇ ಇಲ್ಲ. ಸವದತ್ತಿ ಎಲ್ಲಮ್ಮನ ಜೋಗತಿಯರ ಚೌಡಿಕೆಯನ್ನೇ ನೋಡಿ. ಕಟ್ಟಿಗೆಯ ಕೊಳಗದಂಥ ಒಡಲು, ಅದರ ಅಡಿಗೆ ಬಿಗಿದ ತೊಗಲು, ತೊಗಲಿನ ನಡುವಿನಿಂದ ಹೊರಟು ಕೋಲಿನ ತುದಿಯ ಬಿರಡೆಗೆ ಹೋಗುವ ಒಂದೇ ತಂತಿ. ಮೀಟಿದ ಕೂಡಲೇ ತಂತಿಯ ಜೊತೆ ತೊಗಲೂ ಜಗ್ಗಿ ಸಡಿಲಾಗುತ್ತದೆ, ಸ್ವರ ಹುಟ್ಟುತ್ತಲೇ ಬಾಗುತ್ತದೆ. ಗೀಗೀ ಮೇಳದ ತುಂತುಣಿಯದೂ ಇದೇ ಜಾತಿ. ಕಲ್ಗಿ–ತುರಾ ವಾದದಲ್ಲಿ ಒಬ್ಬರಿಗೊಬ್ಬರು ಸವಾಲು ಹಾಕುತ್ತ ಬೆಳಗು ಮಾಡುವ ಹಾಡುಗಾರರಿಗೆ ದಪ್ಪಿನ ಗದ್ದಲದ ನಡುವೆ ಶ್ರುತಿ ಕೊಡಬೇಕಾದರೆ ತುಂತುಣಿಗೆ ಇಂಥ ಒರಟು ಗಂಟಲೇ ಬೇಕು. ಸಪೂರ ದನಿ ಅಲ್ಲಿ ಮುಳುಗಿಯೇ ಹೋಗುತ್ತದೆ.

ಹಾಡಿಕೆಗೆ ಇಲ್ಲಿ ಬರವಿರಲಿಲ್ಲ. ಮೂಡಲಗಿ ಸೀಮೆಯ ಕುಲಗೋಡ ತಮ್ಮಣ್ಣ 19ನೇ ಶತಮಾನದಲ್ಲಿ ‘ಶ್ರೀಕೃಷ್ಣ ಪಾರಿಜಾತ’ವನ್ನು ರಂಗಕ್ಕೆ ಹದಗೊಳಿಸಿದ. ಗೋಕಾಕ ನೆಲದ ಕೌಜಲಗಿ ನಿಂಗಮ್ಮ ಅದೇ ಆಟದಿಂದ ನಾಡಿಗೆಲ್ಲ ಹೆಸರಾದಳು. ಶಿಶುನಾಳದ ಶರೀಫರಿಗೆ ಮನುಷ್ಯನ ಮೈಯೇ ತಂಬೂರಿಯಾಗಿ ಕಂಡಿತು. ಆದರೆ ತಂತಿಯ ಕಸುಬೇ ಬೇರೆ, ಹಾಡಿಕೆಯೇ ಬೇರೆ. ಒಳ್ಳೆಯ ತಂಬೂರಿ ಬೇಕೆಂದರೆ ಇಲ್ಲಿಯವರು ಮಿರಜದ ರೈಲನ್ನೇ ಹತ್ತಬೇಕಿತ್ತು.

ಮಿರಜ ಈಗ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದ್ದರೂ ಅದರ ಬಜಾರಿನಲ್ಲಿ ಕನ್ನಡ ಇಂದಿಗೂ ನಡೆಯುತ್ತದೆ. ಅಲ್ಲಿ ಸಿತಾರಮೇಕರ ಎಂಬುದೇ ಮನೆತನಗಳ ಅಡ್ಡಹೆಸರು. ಈ ಕಸುಬುದಾರರ ಹಿರಿಯರು ಶಿಕಲಗಾರರು, ಅಂದರೆ ಕತ್ತಿ, ಭರ್ಚಿಗಳಿಗೆ ಸಾಣೆ ಹಿಡಿಯುತ್ತಿದ್ದವರು. 19ನೇ ಶತಮಾನದ ನಡುಭಾಗಕ್ಕೆ ಇಂಗ್ಲಿಷರ ಆಳ್ವಿಕೆ ಗಟ್ಟಿಯಾಗಿ ಆಯುಧ ಕೇಳುವವರು ಕಡಿಮೆಯಾದರು. ಪಟವರ್ಧನರ ಸಂಸ್ಥಾನದಲ್ಲಿ ಸಂಗೀತಕ್ಕೆ ಮಾತ್ರ ಆಶ್ರಯವಿತ್ತು, ಹಾಡಲು ಬಂದವರ ವಾದ್ಯಗಳು ಕೆಡುತ್ತಿದ್ದವು. ಫರೀದಸಾಹೇಬ ಮತ್ತು ಅವರ ಸಹೋದರ ಮೊಯಿನುದ್ದೀನ್ ಆ ವಾದ್ಯಗಳನ್ನು ಬಿಚ್ಚಿ, ರಿಪೇರಿ ಮಾಡುತ್ತ, ಕೊನೆಗೆ ಹೊಸದನ್ನೇ ಮಾಡಲು ನಿಂತರು. ಕತ್ತಿಯ ಅಲಗನ್ನು ಕೂದಲೆಳೆಯಷ್ಟು ತೆಳ್ಳಗೆ ಉಜ್ಜಬಲ್ಲ ಕೈಗೆ ಅರದ ಹಿಡಿತ ಹೊಸದೇನೂ ಆಗಿರಲಿಲ್ಲ. ಈ ಪರಂಪರೆಯ ಇಡೀ ಗುಟ್ಟು ಅಲ್ಲಿದೆ ಎಂದು ನನ್ನ ನಂಬಿಕೆ.

ತಂಬೂರಿಯ ಬುರುಡೆಗೆ ಬೇಕಾದ ದೊಡ್ಡ ಕುಂಬಳ ಬರುವುದು ಪಂಢರಪುರ, ಮಂಗಳವೇಢೆ ಕಡೆಯ ಭೀಮಾತೀರದಿಂದ. ಬಸವಣ್ಣನವರು ಕರಣಿಕರಾಗಿದ್ದ ಮಂಗಳವೇಢೆಯೇ ಇದು. ಕಾಯಿ ಬಳ್ಳಿಯಲ್ಲಿ ಪೂರ್ತಿ ಬಲಿತು, ಆಮೇಲೆ ಒಣಗಿ, ಬಾರಿಸಿದರೆ ಟೊಣ್ ಎನ್ನಬೇಕು. ಕೊರಳು, ಹಲಗೆಗಳಿಗೆ ತೂನ್ ಮರ. ಇದೆಲ್ಲ ಕೂಡಿದ ಮೇಲೂ ಅದಿನ್ನೂ ತಂಬೂರಿಯಲ್ಲ. ತಂತಿಗಳನ್ನು ಹೊತ್ತು ನಿಲ್ಲುವ ಕುದುರೆಗೆ, ಅಂದರೆ ಬ್ರಿಜ್ಜಿಗೆ, ಜವಾರಿ ತೆಗೆಯುವ ಕೆಲಸ ಉಳಿದಿರುತ್ತದೆ.

ಆ ಕೆಲಸವನ್ನು ಹತ್ತಿರ ಕುಳಿತು ನೋಡಿದ್ದೇನೆ. ತಂಬೂರಿಯ ಕುದುರೆ ಅಗಲವಾದದ್ದು, ಎರಡು ಬೆರಳು ಆರಾಮಾಗಿ ಕೂಡುವಷ್ಟು. ಅದರ ಮೈ ಸಮತಟ್ಟಾಗಿ ಕಂಡರೂ ತೀರ ಸಣ್ಣ ಇಳಿಜಾರು ಇರುತ್ತದೆ. ಕುಶಲಕರ್ಮಿ ತಂತಿ ಸರಿಸಿ ಅರದಿಂದ ಎರಡೇ ಸಲ ಉಜ್ಜುತ್ತಾನೆ, ಊದಿ ಪುಡಿ ಹಾರಿಸುತ್ತಾನೆ, ತಂತಿ ಕೂಡಿಸಿ ಮೀಟಿ ಕಿವಿಗೊಡುತ್ತಾನೆ. ಮತ್ತೆ ತಂತಿ ಸರಿಸುತ್ತಾನೆ. ಕೊನೆಗೆ ತಂತಿಗೂ ಕುದುರೆಗೂ ನಡುವೆ ನೂಲಿನ ಎಳೆಯೊಂದನ್ನು ತೂರಿಸಿ ಹಿಂದೆ ಮುಂದೆ ಮೆಲ್ಲಗೆ ಜರುಗಿಸುತ್ತಾನೆ. ಒಂದು ಜಾಗಕ್ಕೆ ಬಂದೊಡನೆ ಮುಚ್ಚಿದ ಬಾಗಿಲು ತೆರೆದಂತೆ ಸ್ವರ ಅರಳುತ್ತದೆ. ಆ ನೂಲಿಗೆ ಹೆಸರು ‘ಜೀವಾ’. ಹೆಚ್ಚು ಅರಳಿದರೆ ಖುಲ್ಲಾ ಜವಾರಿ, ಅಡಗಿದ್ದರೆ ಬಂದ್ ಜವಾರಿ. ಯಾರಿಗೆ ಯಾವುದು ಹಿಡಿಸುತ್ತದೆಂದು ಗಿರಾಕಿಯ ಹಾಡು ಕೇಳಿಯೇ ಗೊತ್ತುಮಾಡಿಕೊಳ್ಳುವವರಿದ್ದಾರೆ.

ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಯೂರಿದರು. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಅಲ್ಲಿಯ ಮೀರಾಸಾಹೇಬರ ದರ್ಗಾದಲ್ಲಿದೆ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು, ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಇದೇ ರೈಲುಹಾದಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದವರು ಕುಮಾರ ಗಂಧರ್ವ. ತಂಬೂರಿಯ ಝೇಂಕಾರದೊಳಗೆ ತಮ್ಮ ದನಿಯನ್ನು ಕರಗಿಸಿ ಹಾಡುವವರ ಈ ಊರುಗಳ ಹತ್ತಿರದಲ್ಲೇ ಆ ಝೇಂಕಾರ ಹುಟ್ಟಿಸುವ ಗಲ್ಲಿಯೂ ಇತ್ತು. ಒಂದಿಲ್ಲದಿದ್ದರೆ ಇನ್ನೊಂದು ಇಷ್ಟು ಬೆಳೆಯುತ್ತಿರಲಿಲ್ಲ. 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತದ್ದು ತಡವಾಯಿತು ಅಂದರೂ ತಪ್ಪಲ್ಲ.

ಈ ಅಗಲ ಕುದುರೆಯ ಮಹಿಮೆ ವಿಜ್ಞಾನಿಯೊಬ್ಬರ ಕಣ್ಣಿಗೆ ಬಿದ್ದದ್ದು 1921ರಲ್ಲಿ. ಸಿ. ವಿ. ರಾಮನ್ ಆಗ ಕಲ್ಕತ್ತೆಯಲ್ಲಿದ್ದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದು ಅಲುಗದೆ ಉಳಿಯಬೇಕಾದ ಉಪಸ್ವರಗಳು ಹುಟ್ಟಲಾರವು ಎಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಅವರ ನಿಯಮ. ತಂಬೂರಿ, ವೀಣೆಗಳಲ್ಲಿ ಆ ಇಲ್ಲದಿರಬೇಕಾದ ಉಪಸ್ವರಗಳೂ ಗಟ್ಟಿಯಾಗಿಯೇ ಕೇಳುತ್ತವೆ ಎಂದು ರಾಮನ್ ತೋರಿಸಿದರು. ಕಾರಣ ಕುದುರೆ. ತಂತಿ ಕಂಪಿಸುವಾಗ ಕುದುರೆಯ ಬಾಗಿದ ಮೈಯನ್ನು ಸವರುತ್ತ, ಬಿಡುತ್ತ ಇರುತ್ತದೆ. ಆ ಸವರಿಕೆಯೇ ಉಪಸ್ವರಗಳನ್ನು ಎಬ್ಬಿಸುತ್ತದೆ. ನೂಲು ಮಾಡುವ ಕೆಲಸವೂ ಇಷ್ಟೇ, ತಂತಿ ಎಲ್ಲಿ ಸವರಬೇಕೆಂಬುದನ್ನು ಗೊತ್ತುಮಾಡುವುದು.

ಗಿಟಾರಿನ ಕುದುರೆಯಾದರೋ ಇದಕ್ಕೆ ತದ್ವಿರುದ್ಧ. ಎಲುಬಿನದೋ ಪ್ಲಾಸ್ಟಿಕ್ಕಿನದೋ ಸಪೂರ ಪಟ್ಟಿ, ಅದರ ಏಣಿನ ಒಂದೇ ಬಿಂದುವಿನ ಮೇಲೆ ತಂತಿ ನಿಲ್ಲುತ್ತದೆ. ಸ್ವರ ಚೊಕ್ಕಟವಾಗಿ ಹೊರಟು ಚೊಕ್ಕಟವಾಗಿ ಮುಗಿಯಬೇಕು, ಆರು ತಂತಿ ಕೂಡಿ ಕಾರ್ಡ್ ಆಗುವಾಗ ಒಂದರ ಉಪಸ್ವರ ಇನ್ನೊಂದರ ಮೇಲೆ ಏರಬಾರದು. ಆ ಸಂಗೀತಕ್ಕೆ ಅದು ಸರಿಯೇ. 1965ರಲ್ಲಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಒಂದು ಹಾಡಿಗೆ ಸಿತಾರ್ ನುಡಿಸಿದ ಮೇಲೆ ಪಶ್ಚಿಮದ ಗಿಟಾರುಗಾರರಿಗೂ ಈ ಝೇಂಕಾರದ ಹುಚ್ಚು ಹಿಡಿಯಿತು. ನ್ಯೂಯಾರ್ಕಿನ ಗಿಟಾರುಗಾರ ವಿನ್ಸೆಂಟ್ ಬೆಲ್ ಚಪ್ಪಟೆ ಕುದುರೆಯ ಎಲೆಕ್ಟ್ರಿಕ್ ಗಿಟಾರು ರೂಪಿಸಿದ. 1967ರಲ್ಲಿ ಅದು ‘ಕೋರಲ್ ಸಿತಾರ್’ ಎಂದು ಮಾರುಕಟ್ಟೆಗೆ ಬಂತು. ಅದೇ ವರ್ಷ ಇಲ್ಲಿ ಬ್ರಿಜಭೂಷಣ ಕಾಬ್ರಾ, ಶಿವಕುಮಾರ ಶರ್ಮಾ ಮತ್ತು ಹರಿಪ್ರಸಾದ ಚೌರಾಸಿಯಾ ಜೊತೆ ‘ಕಾಲ್ ಆಫ್ ದ ವ್ಯಾಲಿ’ಯಲ್ಲಿ ಗಿಟಾರಿನ ಮೇಲೆ ರಾಗ ನುಡಿಸಿದರು. ಮುಂದೆ ವಿಶ್ವಮೋಹನ ಭಟ್ಟರು ಗಿಟಾರಿಗೆ ಮೀಟದೆಯೂ ಕಂಪಿಸುವ ತರಫಿನ ತಂತಿಗಳನ್ನು ಕಟ್ಟಿ ಮೋಹನವೀಣೆ ಮಾಡಿಕೊಂಡು 1994ರಲ್ಲಿ ರೈ ಕೂಡರ್ ಜೊತೆ ಗ್ರ್ಯಾಮಿ ಪಡೆದರು. ನಮ್ಮಲ್ಲಿ ಪ್ರಕಾಶ ಸೊಂಟಕ್ಕೆ ಸ್ಲೈಡ್ ಗಿಟಾರಿನಲ್ಲಿ ಹಿಂದುಸ್ತಾನಿ ನುಡಿಸುತ್ತಾರೆ. ಗಿಟಾರಿಗೆ ಮೀಂಡು ಬಂತು, ಅನುರಣನ ಬಂತು. ಅಜ್ಜ ಹೇಳಿದ ಜವಾರಿ ಬರಲು ಮಾತ್ರ ಕುದುರೆಯನ್ನೇ ಬದಲಿಸಬೇಕು.

ಅಜ್ಜನ ಮಾತಿನಲ್ಲಿ ಅರ್ಧ ತಪ್ಪಿತ್ತೆಂದು ಆಗ ತಿಳಿಯಿತು. ಫ್ರೆಟ್ಟಿಗೆ ಬಡಿದು ಹುಟ್ಟುವ ಸದ್ದು ಸ್ವರವನ್ನು ತಿನ್ನುತ್ತದೆ, ಜವಾರಿ ಸ್ವರಕ್ಕೆ ಉಣಿಸುತ್ತದೆ. ಆದರೆ ಅವನಿಗೆ ಬೇಕಾಗಿದ್ದದ್ದು ಏನೆಂಬುದರಲ್ಲಿ ತಪ್ಪಿರಲಿಲ್ಲ.

ಕೆಲವು ತಿಂಗಳ ಹಿಂದೆ ಗಿಟಾರು ಹೊತ್ತು ಮಿರಜಕ್ಕೆ ಹೋದೆ. ಅಲ್ಲಿಯ ಹಿರಿಯ ಕುಶಲಕರ್ಮಿಯೊಬ್ಬರು ಅದರ ಕುದುರೆಯನ್ನು ಬೆರಳಿಂದ ಸವರಿ ಕನ್ನಡದಲ್ಲೇ ಕೇಳಿದರು: ‘ಇದರ ಮ್ಯಾಲ ತಂತಿ ಕುಂದರಾಕ ಜಾಗಾ ಎಲ್ಲೈತ್ರಿ?’ ನಾಲ್ಕನೆಯ ತಂತಿ ಹೇಗೂ ಹಾರ್ಮೋನಿಯಂನ ಬಿಳಿ ಎರಡಕ್ಕೆ ಇರುತ್ತದೆ, ಭಜನಿಯ ಶ್ರುತಿಗೆ ಅದೇ ಸಾಕೆಂದೆ. ಸುತ್ತಿದ ತಂತಿ ಜವಾರಿಗೆ ಆಗದೆಂದು ಅದನ್ನು ಬಿಚ್ಚಿ ಹಿತ್ತಾಳೆಯ ತಂತಿ ಹಾಕಿದರು. ಅದರ ಕೆಳಗೆ ಉಗುರಗಲದ ಎಲುಬಿನ ತುಂಡೊಂದನ್ನು ಕೂಡಿಸಿ ಒಂದೂವರೆ ತಾಸು ಅರ ಆಡಿಸಿದರು. ಫ್ರೆಟ್ ಒತ್ತಿದರೆ ಆ ತಂತಿಯ ಸ್ವರ ಕೊಂಚ ತಪ್ಪುತ್ತದೆ, ಹಾಗಾಗಿ ಅದನ್ನು ಬಿಟ್ಟ ತಂತಿಯಾಗಿಯೇ ಮೀಟುತ್ತೇನೆ.

ಊರಿಗೆ ಬಂದು ಕಟ್ಟೆಯ ಮೇಲೆ ಕುಳಿತು ಅದೊಂದೇ ತಂತಿ ಮೀಟಿದೆ. ಅಜ್ಜ ಏನೂ ಅನ್ನಲಿಲ್ಲ. ಒಳಗೆ ಹೋಗಿ ಗೂಟಕ್ಕೆ ಹಾಕಿದ್ದ ಏಕತಾರಿ ಇಳಿಸಿಕೊಂಡು ಬಂದು, ಬಿರಡೆ ತಿರುವುತ್ತ ತನ್ನ ತಂತಿಯನ್ನು ನನ್ನ ತಂತಿಗೆ ಕೂಡಿಸತೊಡಗಿದ.